'ಶಿಫ್ಟ್' ಎಂಬ ಒಂದು ಪದ

ಮನೆ ಬದಲಿಸಿದರೆ ನಾವು 'ಶಿಫ್ಟ್ ಮಾಡಿದೆವು' ಎನ್ನುತ್ತೇವೆ. ರೋಗಿಯನ್ನು ದೊಡ್ಡಾಸ್ಪತ್ರೆಗೆ ಒಯ್ದರೂ ಶಿಫ್ಟ್, ಕಚೇರಿ ಬೇರೆ ಊರಿಗೆ ಹೋದರೂ ಶಿಫ್ಟ್. ಆದರೆ ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕಿದ್ದ ಅರ್ಥ ಹಂಚು, ಪಾಲು ಮಾಡು, ಕ್ರಮಗೊಳಿಸು ಎಂದು. ಜಾಗ ಬದಲಿಸುವ ಅರ್ಥ ಆಮೇಲೆ ಬೆಳೆದದ್ದು.

ಕೋಲಾರದ ಚಿನ್ನದ ಗಣಿಯಲ್ಲಿ ಈ ಪದ ಬದುಕಿನ ಲೆಕ್ಕವೇ ಆಗಿತ್ತು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಬಂದ ಮೇಲೆ ತಮಿಳು, ತೆಲುಗು ಸೀಮೆಗಳಿಂದ ದಲಿತ ಕುಟುಂಬಗಳು ಇಲ್ಲಿಗೆ ಬಂದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. ಹಗಲಿರುಳು ಪಾಳಿಗಳಾಗಿ ಹಂಚಿಹೋದವು. ಸೈರನ್ ಕೂಗಿದರೆ ಒಂದು ಗುಂಪು ಇಳಿಯಬೇಕು, ಇನ್ನೊಂದು ಮೇಲೆ ಬರಬೇಕು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಅಪ್ಪ ಯಾವ ಶಿಫ್ಟಿನಲ್ಲಿದ್ದಾನೆ ಎಂಬುದರ ಮೇಲೆ ಮನೆಯ ಊಟ, ನಿದ್ದೆ, ಮಕ್ಕಳ ಸದ್ದು ಎಲ್ಲವೂ ನಿಂತಿತ್ತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಾಳಿ ಹೋಯಿತು, ಆದರೆ ಎಷ್ಟೋ ಕುಟುಂಬಗಳಿಗೆ ಮನೆ ಶಿಫ್ಟ್ ಮಾಡುವ ಶಕ್ತಿ ಇರಲಿಲ್ಲ. ಅವರು ಗಣಿಯ ಲೈನುಮನೆಗಳಲ್ಲೇ ಉಳಿದರು. ಮನೆಯ ಬದಲು ಮನುಷ್ಯರೇ ದಿನವೂ ಶಿಫ್ಟ್ ಆಗತೊಡಗಿದರು. ಗಣಿಗಾಗಿ 1894ರಲ್ಲಿ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ಹಳಿಯ ಮೇಲೆ ನಸುಕಿನ ರೈಲು ಹಿಡಿದು, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುವ ಸಾವಿರಾರು ಜನ ಕತ್ತಲಾದ ಮೇಲೆ ಮರಳುತ್ತಾರೆ.

ಗಣಿಯ ಶಿಫ್ಟಿಗೆ ಆರಂಭ, ಅಂತ್ಯಗಳಿದ್ದವು. ರೈಲಿನಲ್ಲಿ ಕಳೆಯುವ ಗಂಟೆಗಳಿಗೆ ಯಾರೂ ಕೂಲಿ ಕೊಡುವುದಿಲ್ಲ. ಹಂಚುವುದು ಎಂಬ ಮೂಲದ ಅರ್ಥವನ್ನು ನೆನೆದರೆ ಪ್ರಶ್ನೆಯೊಂದು ಏಳುತ್ತದೆ: ಇಷ್ಟು ಚಿನ್ನ ತೆಗೆದವರ ಪಾಲಿಗೆ ಬಂದದ್ದೇನು?