ಬೆಳೆಯದೆ ಉಳಿದ ಊರು: ಸ್ಟ್ಯಾಮ್‌ಫರ್ಡ್ ಸಂತೆಪಟ್ಟಣದ ಪರಂಪರೆಯ ಆರ್ಥಿಕ ನೆಲೆಗಳು

ಇಂಗ್ಲೆಂಡಿನ ಲಿಂಕನ್‌ಶೈರ್‌ನ ದಕ್ಷಿಣದ ತುದಿಯಲ್ಲಿ, ವೆಲೆಂಡ್ ನದಿಯ ದಂಡೆಯ ಮೇಲೆ ಸ್ಟ್ಯಾಮ್‌ಫರ್ಡ್ ಇದೆ. 1967ರ ನಾಗರಿಕ ಸೌಲಭ್ಯ ಕಾಯಿದೆ ಜಾರಿಗೆ ಬಂದಾಗ ದೇಶದ ಮೊತ್ತಮೊದಲ ಸಂರಕ್ಷಿತ ವಲಯವೆಂದು ಘೋಷಣೆಯಾದದ್ದು ಈ ಊರು. ಇಲ್ಲಿನ ಸುಣ್ಣಕಲ್ಲಿನ ಬೀದಿಗಳ ಸೊಬಗನ್ನು ಊರವರ ಅಭಿರುಚಿಗೆ ಸಲ್ಲಿಸುವುದು ವಾಡಿಕೆ. ಅಭಿರುಚಿಗಿಂತ ಹೆಚ್ಚಾಗಿ ಆರ್ಥಿಕ ಮಂದಗತಿಯೇ ಅದನ್ನು ಉಳಿಸಿತೆಂಬುದು ಪ್ರಸ್ತುತ ಲೇಖನದ ವಾದ.

ಸ್ಟ್ಯಾಮ್‌ಫರ್ಡ್ ಡೇನರ ಐದು ಕೋಟೆಪಟ್ಟಣಗಳಲ್ಲಿ ಒಂದಾಗಿತ್ತು. ಮಧ್ಯಯುಗದಲ್ಲಿ ಉಣ್ಣೆಯ ವ್ಯಾಪಾರ ಅದಕ್ಕೆ ಸಂಪತ್ತು ತಂದಿತು. ಉಣ್ಣೆ ವರ್ತಕ ವಿಲಿಯಂ ಬ್ರೌನ್ 15ನೆಯ ಶತಮಾನದಲ್ಲಿ ಬಡ ವೃದ್ಧರಿಗಾಗಿ ಕಟ್ಟಿಸಿದ ಆಶ್ರಯಧಾಮ ಇಂದಿಗೂ ನಿಂತಿದೆ. ಆ ವ್ಯಾಪಾರ ಕುಗ್ಗಿದ ಮೇಲೆ ಊರಿಗೆ ಆಸರೆಯಾದದ್ದು ಲಂಡನ್ನಿನಿಂದ ಎಡಿನ್‌ಬರೊಗೆ ಹೋಗುವ ಹೆದ್ದಾರಿ. ಕುದುರೆಗಾಡಿಗಳು ತಂಗುತ್ತಿದ್ದ ಜಾರ್ಜ್ ಛತ್ರದ ಫಲಕದ ತೊಲೆ ರಸ್ತೆಯ ಮೇಲೆ ಅಡ್ಡಲಾಗಿ ಈಗಲೂ ಚಾಚಿಕೊಂಡಿದೆ. ಇಂದು ಕಾಣುವ ಜಾರ್ಜಿಯನ್ ಶೈಲಿಯ ಮನೆಗಳು ಬಹುಮಟ್ಟಿಗೆ ಈ ಹಂತದವು.

ರೈಲು ಬಂದಾಗ ಚಿತ್ರ ಬದಲಾಯಿತು. 1846ರಲ್ಲಿ ಊರಿಗೆ ರೈಲು ಬಂತಾದರೂ, ಗ್ರೇಟ್ ನಾರ್ದರ್ನ್ ಕಂಪನಿಯ ಮುಖ್ಯ ಮಾರ್ಗ ಪೀಟರ್‌ಬರೊ ಮೂಲಕ ಸಾಗಿತು. ಸಮೀಪದ ಬರ್ಲಿ ಅರಮನೆಯ ಒಡೆಯ, ಎಕ್ಸೆಟರಿನ ಮಾರ್ಕ್ವಿಸ್, ಆ ಮಾರ್ಗ ಸ್ಟ್ಯಾಮ್‌ಫರ್ಡ್ ಮೂಲಕ ಹಾಯದಂತೆ ತಡೆದನೆಂಬ ಪ್ರತೀತಿ ಸ್ಥಳೀಯವಾಗಿ ಬಲವಾಗಿದೆ. ಆದರೆ ಮುಖ್ಯ ಮಾರ್ಗವನ್ನು ಸೇರಿಕೊಳ್ಳಲು 1856ರಲ್ಲಿ ಆರಂಭವಾದ ಎಸೆಂಡೈನ್ ಕವಲುಮಾರ್ಗಕ್ಕೆ ಅದೇ ಮನೆತನದ ಬೆಂಬಲವಿತ್ತು; ಹೀಗಾಗಿ ಆ ಪ್ರತೀತಿಯನ್ನು ಹಾಗೆಯೇ ಒಪ್ಪಲಾಗದು. ಮನೆತನದ ಪ್ರಭಾವ ಹೆಚ್ಚು ಸ್ಪಷ್ಟವಾಗಿ ಕಾಣುವುದು ಜಮೀನಿನ ವಿಷಯದಲ್ಲಿ. ಊರಿನ ಉತ್ತರದ ಬಯಲು ಹೊಲಗಳು 1870ರ ದಶಕದವರೆಗೂ ಖಾಸಗಿ ತುಂಡುಗಳಾಗಿ ವಿಂಗಡಣೆಯಾಗಲಿಲ್ಲ; ಹೀಗಾಗಿ ಊರು ಆ ಕಡೆಗೆ ಹರಡಲಾಗಲಿಲ್ಲ. ಹೊಸ ಮನೆಗಳೆಂದರೆ ಹೊಸ ಮತದಾರರು. ಸಂಸತ್ ಸ್ಥಾನಗಳ ಮೇಲಿನ ಮನೆತನದ ಹಿಡಿತ ಸಡಿಲವಾಗದಿರಲಿ ಎಂಬ ಲೆಕ್ಕಾಚಾರವನ್ನು ಇತಿಹಾಸಕಾರರು ಇದರ ಹಿಂದೆ ಗುರುತಿಸಿದ್ದಾರೆ. ಪೀಟರ್‌ಬರೊ ಕೈಗಾರಿಕಾ ನಗರವಾಗಿ ಬೆಳೆಯಿತು. ಸ್ಟ್ಯಾಮ್‌ಫರ್ಡ್‌ನಲ್ಲಿ ಹಳೆಯದನ್ನು ಕೆಡವಿ ಕಟ್ಟುವಷ್ಟು ಒತ್ತಡವೂ ಇರಲಿಲ್ಲ, ಬಂಡವಾಳವೂ ಇರಲಿಲ್ಲ.

ಇಂದಿನ ಸೌಕರ್ಯಗಳ ಸ್ವರೂಪವೂ ಈ ವಾದಕ್ಕೆ ಹೊಂದುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಮಾರುಕಟ್ಟೆಗೆಂದು ಎತ್ತಿದ ಕಂಬಸಾಲಿನ ಹಿಂದೆ ಈಗ ಸಾರ್ವಜನಿಕ ಗ್ರಂಥಾಲಯವಿದೆ. 1768ರ ರಂಗಮಂದಿರ ಕಲಾಕೇಂದ್ರದ ಭಾಗವಾಗಿದೆ. ಜಾರ್ಜ್ ಇನ್ನೂ ಹೋಟೆಲೇ. ಶುಕ್ರವಾರದ ಸಂತೆ ಬೀದಿಗಳಲ್ಲೇ ನಡೆಯುತ್ತದೆ. 1960ರಲ್ಲಿ ಹೆದ್ದಾರಿ ಊರ ಹೊರಗೆ ತಿರುಗಿದ್ದರಿಂದ ಲಾರಿಗಳ ಹಾವಳಿಯೂ ತಗ್ಗಿತು. 1994ರಲ್ಲಿ ಪ್ರಸಾರವಾದ 'ಮಿಡ್ಲ್‌ಮಾರ್ಚ್' ಧಾರಾವಾಹಿಯನ್ನು ಬಿಬಿಸಿ ಇಲ್ಲಿ ಚಿತ್ರೀಕರಿಸಿದ ಮೇಲೆ ಹಳಮೆಯೇ ಆದಾಯದ ಮೂಲವಾಯಿತು.

ಆದ್ದರಿಂದ 1967ರ ಕಾಯಿದೆ ಇಲ್ಲಿ ಪರಂಪರೆಯನ್ನು ಸೃಷ್ಟಿಸಲಿಲ್ಲ. ಮಂದಗತಿ ಉಳಿಸಿಕೊಟ್ಟದ್ದಕ್ಕೆ ಕಾನೂನಿನ ಬೇಲಿ ಹಾಕಿತು. ಇಂಥ ಪಟ್ಟಣಗಳ ಚರಿತ್ರೆ ಬರೆಯುವವರು ಕಟ್ಟಡಗಳ ಶೈಲಿಯಷ್ಟೇ ಗಮನವನ್ನು ಜಮೀನಿನ ಒಡೆತನಕ್ಕೂ ಸಾರಿಗೆ ಮಾರ್ಗಗಳಿಗೂ ಚುನಾವಣಾ ಹಿತಾಸಕ್ತಿಗೂ ಕೊಡಬೇಕಾಗುತ್ತದೆ.