ಗೆಲುವು ಮುಚ್ಚಿಡುವ ತಪ್ಪುಗಳು

1993ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಮೊದಲ ಪಿಎಸ್‌ಎಲ್‌ವಿ ಮೇಲೇರಿತು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಆಗ ಇಸ್ರೋ ಅಧ್ಯಕ್ಷರು. ಎರಡನೆಯ ಹಂತ ಕಳಚಿಕೊಳ್ಳುವಾಗ ಅದನ್ನು ಹಿಂದಕ್ಕೆ ಎಳೆಯಬೇಕಿದ್ದ ಪುಟ್ಟ ರಾಕೆಟ್‌ಗಳು ಕೈಕೊಟ್ಟವು, ವಾಹನ ಓಲಾಡಿತು. ಅದನ್ನು ನೇರ ಮಾಡಬೇಕಿದ್ದ ತಂತ್ರಾಂಶದಲ್ಲೂ ಒಂದು ತಪ್ಪು ಅಡಗಿತ್ತು. ಪಾವಿನಲ್ಲಿ ಸೇರಕ್ಕಿ ಸುರಿದ ಹಾಗೆ, ಲೆಕ್ಕದ ಅಂಕಿ ತನಗಿದ್ದ ಮಿತಿಯನ್ನು ಮೀರಿತು. ಉಪಗ್ರಹ ಬಂಗಾಳ ಕೊಲ್ಲಿಯ ಪಾಲಾಯಿತು. ಕಾರಣ ಹುಡುಕಿ ತಿದ್ದಿದ ಮೇಲೆ, 1994ರ ಅಕ್ಟೋಬರ್ 15ರಂದು ಎರಡನೆಯ ಪಿಎಸ್‌ಎಲ್‌ವಿ ಗೆದ್ದಿತು.

ಡೊಂಬಿವಲಿಯಿಂದ ಐರೋಲಿಗೆ ಓಡಾಡುತ್ತ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳನ್ನು ನೋಡಿಕೊಳ್ಳುವ ನನ್ನನ್ನು ಕಾಡುವುದು ಆ ಸೋಲಲ್ಲ. ಪುಟ್ಟ ರಾಕೆಟ್‌ಗಳು ಅಂದು ಸರಿಯಾಗಿ ಉರಿದಿದ್ದರೆ ತಂತ್ರಾಂಶದ ತಪ್ಪು ಬಹುಶಃ ಹೊರಗೆ ಬೀಳುತ್ತಲೇ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ತಪ್ಪು ಮುಂದಿನ ಹಾರಾಟಕ್ಕೆ ಕಾದು ಕೂರುತ್ತಿತ್ತು.

ಯುರೋಪಿನಲ್ಲಿ ಆದದ್ದು ಇದೇ. ಏರಿಯಾನ್-4ರಲ್ಲಿ ವರ್ಷಗಟ್ಟಲೆ ತೊಂದರೆ ಕೊಡದ ತಂತ್ರಾಂಶವನ್ನು ಏರಿಯಾನ್-5ಕ್ಕೂ ಹಾಕಿದರು. ಹೊಸ ರಾಕೆಟ್‌ನ ವೇಗ ಹೆಚ್ಚು. 64 ಬಿಟ್‌ನ ಸಂಖ್ಯೆ 16 ಬಿಟ್‌ನೊಳಗೆ ಹಿಡಿಸಲಿಲ್ಲ. 1996ರ ಜೂನ್ 4ರಂದು, ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ಎಲ್ಲವೂ ಚೂರಾಯಿತು.

ಇವೆರಡರಲ್ಲೂ ಯಾರ ಜೀವವೂ ಹೋಗಲಿಲ್ಲ. ಚಾಲೆಂಜರ್ ನೌಕೆಯಲ್ಲಿ ಹಾಗಾಗಲಿಲ್ಲ. ಬೂಸ್ಟರ್‌ನ ಕೀಲುಗಳನ್ನು ಮುಚ್ಚುವ ರಬ್ಬರ್ ಬಳೆ ಸವೆದಿದ್ದು 1981ರ ಹಾರಾಟದಲ್ಲೇ ಕಂಡಿತ್ತು. ನಂತರವೂ ಕಂಡಿತು. ಆದರೆ ಪ್ರತಿ ಸಲ ನೌಕೆ ಕ್ಷೇಮವಾಗಿ ಮರಳುತ್ತಿತ್ತಲ್ಲ! ಎಚ್ಚರಿಕೆಯ ಗಂಟೆ ಕ್ರಮೇಣ ಮಾಮೂಲಿ ಸದ್ದಾಯಿತು. 1986ರ ಜನವರಿ 28ರ ಚಳಿಯ ಬೆಳಗ್ಗೆ, ಹಿಂದಿನ ರಾತ್ರಿ ಎಂಜಿನಿಯರ್‌ಗಳು ಬೇಡವೆಂದಿದ್ದರೂ, ನೌಕೆ ಹಾರಿತು. 73 ಸೆಕೆಂಡುಗಳಲ್ಲಿ ನೌಕೆ ಚೂರಾಯಿತು, ಏಳು ಮಂದಿ ಇಲ್ಲವಾದರು. 2003ರ ಫೆಬ್ರುವರಿ 1ರಂದು ನಮ್ಮ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾದ್ದೂ ಅದೇ ಕಥೆ: ಇಂಧನ ಟ್ಯಾಂಕಿನಿಂದ ನೊರೆಯ ತುಂಡು ಉದುರುವುದು ಆ ಹೊತ್ತಿಗೆ ಹಳೆಯ ವಿಷಯವಾಗಿತ್ತು.

2019ರ ಸೆಪ್ಟೆಂಬರ್ 7ರಂದು ವಿಕ್ರಮ್ ಚಂದ್ರನ ಮೇಲೆ ಅಪ್ಪಳಿಸಿದ ಬಳಿಕ ಇಸ್ರೋ ಪ್ರಶ್ನೆಯನ್ನೇ ತಿರುಗಿಸಿತು. ‘ಏನು ಸರಿಯಾದರೆ ಇಳಿಯುತ್ತೇವೆ?’ ಎಂಬುದು ‘ಏನೇನು ಕೆಟ್ಟರೂ ಇಳಿಯಬೇಕು?’ ಎಂದಾಯಿತು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು. 500 ಮೀಟರ್ ಚೌಕದ ಇಳಿದಾಣ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು. ಅದೇ ವರ್ಷ ಅಕ್ಟೋಬರ್ 21ರಂದು ಗಗನಯಾನದ ಪರೀಕ್ಷಾ ವಾಹನವನ್ನು, ಹಾರಲು 5 ಸೆಕೆಂಡು ಇರುವಾಗ ಕಂಪ್ಯೂಟರೇ ತಡೆಯಿತು. ಕಾರಣ ತಿಳಿದು, ಸರಿಪಡಿಸಿ, ಅದೇ ಬೆಳಗ್ಗೆ ಹಾರಿಸಿದರು. ಮನುಷ್ಯರನ್ನು ಕೂರಿಸುವ ಮುನ್ನ ಬರಬೇಕಾದ ಅಭ್ಯಾಸ ಇದು.

ನಮ್ಮ ಡೊಂಬಿವಲಿಯ ಎಂಐಡಿಸಿ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಸ್ಫೋಟಗಳಾಗಿ ಜನ ಸತ್ತರು. ಸ್ಫೋಟವಾದರೆ ತನಿಖೆ ತಾನಾಗಿ ಬರುತ್ತದೆ. ಏನೂ ಆಗದ ದಿನ ಸೋರಿದ ವಾಲ್ವ್, ತಪ್ಪು ತೋರಿಸಿದ ಮೀಟರ್ ಯಾವ ಪುಸ್ತಕದಲ್ಲಿ ದಾಖಲಾಗುತ್ತದೆ, ಅದನ್ನು ಯಾರು ಓದುತ್ತಾರೆ? ಕಾರ್ಖಾನೆಯಾಗಲಿ ರಾಕೆಟ್ ಆಗಲಿ, ಕೇಳಬೇಕಾದ್ದು ಇದನ್ನೇ. ನನ್ನ ತಂಡದಲ್ಲಿ ಎಲ್ಲ ಸುಸೂತ್ರವಾಗಿ ನಡೆದ ರಿಲೀಸ್ ಆದ ಮೇಲೂ ಒಂದು ಸಭೆ ಇಟ್ಟುಕೊಳ್ಳುತ್ತೇವೆ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ‘ಈ ಸಲ ವಿಚಿತ್ರವಾಗಿ ಕಂಡದ್ದೇನು?’