ಕಪ್ಪೆಚಿಪ್ಪಿನ ಋಣಾನುಬಂಧ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಚರಿತ್ರೆಯನ್ನು ಬರೆಯತಕ್ಕವರು ಕೆರೆ ಕಟ್ಟಿಸಿದ ಪ್ರಭುಗಳನ್ನೂ, 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನೂ, ಹುಲಿಕೆರೆಯ ಸುರಂಗವನ್ನು ಹಾಯ್ದು ಬಂದು ಬೆದ್ದಲನ್ನು ಗದ್ದೆಯಾಗಿಸಿದ ವಿಶ್ವೇಶ್ವರಯ್ಯ ನಾಲೆಯನ್ನೂ ಸ್ಮರಿಸಿ ವಿರಮಿಸುವರು. ಕೆರೆಯ ಕೆಸರಿನಲ್ಲಿ ಅರ್ಧ ಹೂತುಕೊಂಡು, ದಿನಕ್ಕೆ ಹಲವು ಲೀಟರು ನೀರನ್ನು ಕಿವಿರುಗಳಿಂದ ಸೋಸಿ, ತೇಲುವ ಪಾಚಿಯನ್ನು ತಾನುಂಡು ಶೇಷವನ್ನು ತಳದ ಕ್ರಿಮಿಕೀಟಗಳಿಗೆ ಆಹಾರವಾಗಿ ಬಿಡುವ ಕಪ್ಪೆಚಿಪ್ಪು ಅವರ ಗಮನಕ್ಕೆ ಬರುವುದು ಅಪೂರ್ವ. ಚಿಪ್ಪನ್ನು ಸುಟ್ಟು ಸುಣ್ಣ ಮಾಡುವ ವೃತ್ತಿ ದಕ್ಷಿಣ ದೇಶದಲ್ಲಿ ಪುರಾತನವಾದುದಾದರೂ, ಚಿಪ್ಪಿನೊಳಗಣ ಜೀವಿಯ ವೃತ್ತಾಂತವನ್ನು ವಿಚಾರಿಸಿದವರು ವಿರಳ.

ಆ ವೃತ್ತಾಂತ ವಿಲಕ್ಷಣವಾದುದು. ಟಿಪ್ಪುಸುಲ್ತಾನನ ಸೇನೆ ಮಳವಳ್ಳಿಯ ಬಯಲಿನಲ್ಲಿ ಆಂಗ್ಲರೊಡನೆ ಕಾದಿದ 1799ಕ್ಕೆ ಎರಡು ವರ್ಷ ಪೂರ್ವದಲ್ಲಿ, ಯೆನ್ಸ್ ರಾಟ್ಕೆ ಎಂಬ ಐರೋಪ್ಯ ಪಂಡಿತನು ಚಿಪ್ಪಿನ ಕಿವಿರುಗಳಲ್ಲಿ ಕಿಕ್ಕಿರಿದಿದ್ದ ಸೂಕ್ಷ್ಮಜೀವಿಗಳನ್ನು ಕಂಡು, ಇವು ಅದರ ರಕ್ತಮಾಂಸವನ್ನು ಹೀರತಕ್ಕ ಪರೋಪಜೀವಿಗಳೆಂದೇ ಬಗೆದು, ಗ್ಲೊಕಿಡಿಯಮ್ ಪ್ಯಾರಸಿಟಿಕಮ್ ಎಂದು ಹೆಸರಿಟ್ಟನು. ವಸ್ತುತಃ ಅವು ಆ ಚಿಪ್ಪಿನ ಸ್ವಂತ ಸಂತಾನವೇ ಆಗಿದ್ದುವು. ಮೈಸೂರು ಕಮಿಷನರ ಆಳ್ವಿಕೆಯಲ್ಲಿದ್ದ 1866ರಲ್ಲಿ ಜರ್ಮನಿಯ ಲೈಡಿಗ್ ಈ ಮರಿಗಳನ್ನು ಮೀನಿನ ರೆಕ್ಕೆಗಳ ಮೇಲೆ ಕಂಡುದರಿಂದ ಮುಂದಿನ ಕಥೆ ಹೊರಬಿದ್ದಿತು: ತಾಯಿ ಹೊರಚೆಲ್ಲಿದ ಮರಿ ಯೋಗ್ಯವಾದ ಮೀನೊಂದರ ಕಿವಿರನ್ನೋ ರೆಕ್ಕೆಯನ್ನೋ ಕಚ್ಚಿ, ಕೆಲವು ವಾರ ಅದರ ಮೈಯಲ್ಲಿಯೇ ಬೆಳೆದು, ಬಳಿಕ ಕಳಚಿ ಬಿದ್ದು ಕೆಸರನ್ನು ಸೇರುವುದು. ಪಂಡಿತನ ನಾಮಕರಣ ತಪ್ಪಾದರೂ ವಿಶೇಷಣ ಸುಳ್ಳಾಗಲಿಲ್ಲ. ಪರೋಪಜೀವಿತನ ಚಿಪ್ಪಿನ ಬಾಲ್ಯಧರ್ಮವೇ ಸರಿ.

ಪ್ರಾಯಕ್ಕೆ ಬಂದ ಚಿಪ್ಪು ತಾನೂ ಆತಿಥೇಯನಾಗಬೇಕು. ನೀರಿನ ನುಸಿಗಳು ಅದರ ಕಿವಿರುಗಳಲ್ಲಿ ಮನೆ ಮಾಡುವುವು. ಕೆಲವು ಜಾತಿಯ ಚಪ್ಪಟೆಹುಳುಗಳು ಅದರ ಜನನಾಂಗವನ್ನು ಹೊಕ್ಕು, ಪ್ರಾಣವನ್ನು ತೆಗೆಯದೆ ಸಂತಾನಶಕ್ತಿಯನ್ನು ಮಾತ್ರ ಅಪಹರಿಸಿ, ಅಲ್ಲಿಂದ ಸಣ್ಣ ಮೀನಿಗೂ, ಅದನ್ನು ನುಂಗುವ ದೊಡ್ಡ ಮೀನಿಗೂ ಸಾಗುವುವು. ಸ್ವಾತಿಮಳೆಯ ಹನಿಯಿಂದ ಮುತ್ತು ಹುಟ್ಟುವುದೆಂದು ನಮ್ಮವರು ನಂಬಿದ್ದರಷ್ಟೆ. 1852ರಲ್ಲಿ ಇಟಲಿಯ ಫಿಲಿಪ್ಪಿ ಸಿಹಿನೀರಿನ ಚಿಪ್ಪುಗಳನ್ನು ಪರೀಕ್ಷಿಸಿ, ಇಂಥ ಹುಳುವಿನ ಸುತ್ತ ಚಿಪ್ಪು ಪದರಪದರವಾಗಿ ಕಟ್ಟಿದ ಗೋರಿಯೇ ಮುತ್ತಾಗುವುದುಂಟೆಂದು ತೋರಿಸಿದನು.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಸೀಮೆಯ ನೀರಾವರಿಯ ಇತಿಹಾಸಕ್ಕೆ ಬೇರೊಂದು ಅರ್ಥ ಒದಗುವುದು. ಕಾಲಿಲ್ಲದ ಚಿಪ್ಪಿನ ವಂಶ ಹೊಳೆಯ ಮೇಲ್ಮುಖವಾಗಿ ಪಯಣಿಸುವುದು ಮೀನಿನ ಬೆನ್ನೇರಿಯೇ. ಆದುದರಿಂದ ಕಾವೇರಿಗೂ ಶಿಂಷೆಗೂ ಅಡ್ಡಲಾಗಿ ಎದ್ದ ಕಟ್ಟೆ ಮೀನನ್ನು ತಡೆದಲ್ಲೆಲ್ಲ ಚಿಪ್ಪಿನ ಹಾದಿಯನ್ನೂ ತಡೆಯುವುದು. ಹಾಗೆಯೇ ನಾಲೆಯಿಂದ ಕೆರೆಗೆ ಹರಿದ ನೀರು ಮೀನಿನೊಡನೆ ಚಿಪ್ಪಿನ ಮರಿಗಳಿಗೆ ಹೊಸ ನೆಲೆಗಳನ್ನು ತೆರೆಯಲೂ ಬಲ್ಲುದು. ಗಂಗಾಮೂಲದ ಕಾಟ್ಲಾ, ರೋಹುಗಳನ್ನು ಕೆರೆಗಳಿಗೆ ಬಿಡುವ ಪದ್ಧತಿ ಬಂದಿರುವ ಈ ಕಾಲದಲ್ಲಿ, ಎಲ್ಲ ಮೀನೂ ಎಲ್ಲ ಮರಿಗೂ ಒಗ್ಗದೆಂಬುದನ್ನು ನೆನೆಯಬೇಕು. ದೀರ್ಘಾಯುವಾದ ಈ ಪ್ರಾಣಿ ಸಂತಾನವಿಲ್ಲದೆಯೂ ಹಲವು ವರ್ಷ ನೀರನ್ನು ಸೋಸುತ್ತಿರುವುದರಿಂದ, ಹಾನಿ ಕಣ್ಣಿಗೆ ಬೀಳುವ ವೇಳೆಗೆ ಒಂದು ತಲೆಮಾರೇ ಕಳೆದಿರುವುದು. ಕೆರೆಯ ಆರೋಗ್ಯವನ್ನು ಅಳೆಯತಕ್ಕವರು ದೊಡ್ಡ ಚಿಪ್ಪುಗಳನ್ನು ಎಣಿಸಿ ತೃಪ್ತರಾಗದೆ, ಎಳೆಯ ಚಿಪ್ಪುಗಳನ್ನೂ ಹುಡುಕತಕ್ಕದ್ದು.